ಅಧಿಕಾರಿ ಯಾರು?

ವೇದಾಂತವಿದ್ಯೆಯನ್ನು ಬೋಧಿಸುವುದಕ್ಕೆ ಮುನ್ನ ನಮ್ಮ ಆಚಾರ್ಯರು ಎತ್ತಿಕೊಳ್ಳುತ್ತಿದ್ದ ಮೊದಲ ಪ್ರಶ್ನೆ, ಇದಕ್ಕೆ ಅಧಿಕಾರಿ ಯಾರು ಎಂಬುದು. ನಿತ್ಯಾನಿತ್ಯವಸ್ತುವಿವೇಕ, ವೈರಾಗ್ಯ, ಶಮದಮಾದಿ ಸಂಪತ್ತು, ಮುಮುಕ್ಷುತ್ವ ಎಂಬ ನಾಲ್ಕು ಸಾಧನಗಳುಳ್ಳವನು ಅಧಿಕಾರಿಯೆಂದು ಅವರು ಉತ್ತರ ಕೊಟ್ಟರು. ಈ ನಾಲ್ಕರಲ್ಲಿ ಕುಲದ ಹೆಸರಿಲ್ಲ, ಧನದ ಮಾತಿಲ್ಲ. ಇರುವುದೆಲ್ಲ ಹಂಬಲದಿಂದ ಹುಟ್ಟಿ ಅಭ್ಯಾಸದಿಂದ ಬೆಳೆಯತಕ್ಕ ಗುಣಗಳು. ಆದರೂ ಅದೇ ಪರಂಪರೆಯಲ್ಲಿ, ಬ್ರಹ್ಮಸೂತ್ರದ ಮೊದಲನೆಯ ಅಧ್ಯಾಯದ ಅಪಶೂದ್ರಾಧಿಕರಣದಲ್ಲಿ, ಜನ್ಮವೊಂದೇ ಕಾರಣವಾಗಿ ಬಹುಜನರಿಗೆ ವೇದಾಧ್ಯಯನದ ಬಾಗಿಲು ಮುಚ್ಚಿಹೋಯಿತು. ಬೆಂಗಳೂರಿನ ಗಣಕೋದ್ಯಮದ ಹೊಸ್ತಿಲಲ್ಲಿ ಕಾದು ನಿಂತ ತರುಣತರುಣಿಯರನ್ನು ಕಂಡಾಗಲೆಲ್ಲ ಈ ವಿರೋಧವು ನನ್ನ ಮನಸ್ಸನ್ನು ಕಲಕುತ್ತದೆ.

ಛಾಂದೋಗ್ಯೋಪನಿಷತ್ತಿನ ಸತ್ಯಕಾಮನ ಕಥೆ ನಮಗೆಲ್ಲ ಪರಿಚಿತವಾದದ್ದೇ. ಹಾರಿದ್ರುಮತ ಗೌತಮನು ಗೋತ್ರವನ್ನು ಕೇಳಿದಾಗ, ಪರಿಚಾರಿಕೆಯಾಗಿ ಹಲವೆಡೆ ದುಡಿದ ತಾಯಿ ಜಬಾಲೆಗೂ ಅದು ತಿಳಿಯದೆಂದು ಬಾಲಕನು ಇದ್ದದ್ದನ್ನು ಇದ್ದಂತೆಯೇ ಹೇಳಿದ. ಆ ಸತ್ಯವನ್ನೇ ಯೋಗ್ಯತೆಯೆಂದು ಎಣಿಸಿ ಗುರು ಅವನಿಗೆ ಉಪನಯನ ಮಾಡಿದ. ಇಷ್ಟನ್ನು ಕೇಳಿ ನಾವು ಸಂತೋಷಪಡುತ್ತೇವೆ. ಆದರೆ ಅಪಶೂದ್ರಾಧಿಕರಣದಲ್ಲಿ ಇದೇ ಕಥೆ ವಿಪರೀತವಾದ ಪ್ರಯೋಜನಕ್ಕೆ ಒದಗಿತೆಂಬುದನ್ನು ಬಹಳ ಮಂದಿ ಗಮನಿಸಿಲ್ಲ: ಈತ ಶೂದ್ರನಲ್ಲವೆಂದು ನಿಶ್ಚಯವಾದ ಬಳಿಕವೇ ಗೌತಮನು ಉಪನಯನಕ್ಕೆ ತೊಡಗಿದನೆಂಬುದು ಅಲ್ಲಿಯ ವಾದ. ಒಬ್ಬ ಬಾಲಕನನ್ನು ಒಳಗೆ ಕರೆದುಕೊಂಡ ಪ್ರಸಂಗವೇ ಉಳಿದವರನ್ನು ಹೊರಗಿಡುವುದಕ್ಕೆ ಪ್ರಮಾಣವಾಯಿತು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆದ ಕಾಲದಿಂದ ಈ ನಗರದಲ್ಲಿ ಬೆಳೆದು ನಿಂತ ಉದ್ಯಮವು ಮನೆತನದ ಬಲವಿಲ್ಲದ ಅನೇಕರಿಗೆ ಅನ್ನವನ್ನೂ ಗೌರವವನ್ನೂ ಕೊಟ್ಟಿದೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಕೂಲಿಕಾರನ ಮಗನೊಬ್ಬ ದೊಡ್ಡ ಸಂಬಳದ ಹುದ್ದೆಗೇರಿದ ವಾರ್ತೆಯನ್ನು ಓದಿದೊಡನೆ, ಪ್ರತಿಭೆಯಿದ್ದವರಿಗೆ ಬಾಗಿಲು ತೆರೆದೇ ಇದೆಯೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವಲ್ಲ, ಆಗ ಸತ್ಯಕಾಮನಿಗೆ ಆದದ್ದೇ ಆ ಹುಡುಗನಿಗೂ ಆಗುತ್ತದೆ. ಅಸಾಮಾನ್ಯನೊಬ್ಬನು ಗೋಡೆಯನ್ನು ಹತ್ತಿ ಇಳಿದನೆಂಬುದರಿಂದ ಅಲ್ಲಿ ದಾರಿಯಿದೆಯೆಂದು ಸಿದ್ಧವಾಗದು. ಸಾಮಾನ್ಯ ಬುದ್ಧಿಯೂ ಸಾಮಾನ್ಯ ಧೈರ್ಯವೂ ಉಳ್ಳವನು ನಡೆದು ಬರುವಂತಿದ್ದರೆ ಮಾತ್ರ ಅದು ದಾರಿ.

ಗೋಡೆಯೆಲ್ಲಿದೆ ಎನ್ನುವವರು ಕ್ಯಾಂಪಸ್ ಆಯ್ಕೆಯ ನಿಬಂಧನೆಗಳನ್ನು ಓದಿ ನೋಡಬೇಕು. ಹತ್ತನೆಯ ತರಗತಿ, ಪಿಯುಸಿ, ಪದವಿ ಈ ಮೂರರಲ್ಲಿಯೂ ನೂರಕ್ಕೆ 60 ಅಂಕಗಳಿರಬೇಕು, ಬ್ಯಾಕ್‌ಲಾಗ್ ಇರಕೂಡದು, ವಿದ್ಯಾಭ್ಯಾಸದ ನಡುವೆ ಬಿಡುವಿರಕೂಡದು ಎಂಬಂಥ ನಿಯಮಗಳು ಬಹಳ ಕಂಪನಿಗಳಲ್ಲಿ ರೂಢಿಯಾಗಿವೆ. ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿಯೇ ವಿಜ್ಞಾನವನ್ನು ಓದಿ, ಪಿಯುಸಿಯ ಮೊದಲ ದಿನ ಭೌತಶಾಸ್ತ್ರವನ್ನೂ ಗಣಿತವನ್ನೂ ಒಮ್ಮೆಗೇ ಇಂಗ್ಲಿಷಿನಲ್ಲಿ ಎದುರಿಸಿ ತತ್ತರಿಸಿದ ಹಳ್ಳಿಯ ಹುಡುಗಿಯೊಬ್ಬಳು, ಎಂಜಿನಿಯರಿಂಗ್ ಮುಗಿಸುವ ವೇಳೆಗೆ ಯಾರಿಗೂ ಕಡಿಮೆಯಿಲ್ಲದಂತೆ ಪ್ರೋಗ್ರಾಂ ಬರೆಯಬಲ್ಲವಳಾದರೂ, ನಿಯಮವು ಅವಳ ಇಂದಿನ ಕೌಶಲವನ್ನು ನೋಡದೆ ಹದಿನೇಳನೆಯ ವಯಸ್ಸಿನ ಸಂಕಟವನ್ನು ನೋಡಿ ಹಿಂದಕ್ಕೆ ಕಳುಹಿಸುತ್ತದೆ. ಗೋತ್ರವನ್ನು ಕೇಳುವ ಪದ್ಧತಿ ಇದಕ್ಕಿಂತ ಬೇರೆಯೆಂದು ನನಗೆ ತೋರುವುದಿಲ್ಲ. ಗೌತಮನಾದರೋ ಉತ್ತರವನ್ನು ಕೇಳಿಸಿಕೊಂಡ, ಅಂಕಪಟ್ಟಿಯನ್ನು ಜರಡಿ ಹಿಡಿಯುವ ಯಂತ್ರಕ್ಕೆ ಕಿವಿಯಿಲ್ಲ. ಹೆರಿಗೆಯ ನಿಮಿತ್ತ ಕೆಲವು ವರ್ಷ ಕೆಲಸ ಬಿಟ್ಟ ತಾಯಿಯ ಪಾಡೂ ಇದೇ. ಹದಿನಾಲ್ಕನೆಯ ವಯಸ್ಸಿನಲ್ಲಿ ದೃಷ್ಟಿಯನ್ನು ಕಳೆದುಕೊಂಡ ಟಿ. ವಿ. ರಾಮನ್ ಅವರು, ಗಣಕದ ಪಠ್ಯವನ್ನು ಕಿವಿಗೆ ಮುಟ್ಟಿಸುವ ‘ಇಮ್ಯಾಕ್‌ಸ್ಪೀಕ್’ ಎಂಬ ತಂತ್ರಾಂಶವನ್ನು ರಚಿಸಿದರು. ಅವರನ್ನು ಹೊಗಳುವ ಈ ಉದ್ಯಮದಲ್ಲಿಯೇ, ಅಂಥ ತಂತ್ರಾಂಶಗಳು ಓದಲಾಗದ ರೀತಿಯಲ್ಲಿ ಪ್ರಶ್ನೆಪತ್ರಿಕೆಯನ್ನು ಪರದೆಯ ಮೇಲೆ ಜೋಡಿಸಿ, ಕಣ್ಣಿಲ್ಲದ ಅಭ್ಯರ್ಥಿಯನ್ನು ಅನುತ್ತೀರ್ಣನನ್ನಾಗಿಸುವ ಸಂಭವವಿದೆ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪ ಏಳುತ್ತದೆ, ಅದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಶತಮಾನದ ಇತಿಹಾಸವಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು, ಸರ್ಕಾರಿ ಸೇವೆಯಲ್ಲಿ ಹಿಂದುಳಿದ ಸಮುದಾಯಗಳಿಗೆ ಸ್ಥಾನ ದೊರಕಿಸುವ ಬಗೆಯನ್ನು ವಿಚಾರಿಸಲು ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವನ್ನೂ ಮರುವರ್ಷ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜನ್ನೂ ಕಟ್ಟಿ ಬೆಳೆಸಿದ ದಿವಾನ ವಿಶ್ವೇಶ್ವರಯ್ಯನವರು ಇದರಿಂದ ಆಡಳಿತದ ದಕ್ಷತೆ ಕೆಡುವುದೆಂದು ಶಂಕಿಸಿದರು. ಆ ಭಿನ್ನಾಭಿಪ್ರಾಯವೂ ಸೇರಿ ಅವರು ಪದವಿಯನ್ನು ತೊರೆದರು. ಅಣೆಕಟ್ಟು ನಿಲ್ಲಬೇಕು, ಲೆಕ್ಕ ತಪ್ಪಬಾರದು ಎಂಬ ಆ ಮಹನೀಯರ ಕಾಳಜಿಯನ್ನು ನಾನು ಹಗುರವಾಗಿ ಎಣಿಸಲಾರೆ. ಆದರೆ ಯೋಗ್ಯತೆಯನ್ನು ಯಾವಾಗ ಅಳೆಯಬೇಕು ಎಂಬುದರಲ್ಲಿ ಅವರ ಪಕ್ಷವನ್ನು ನಾನು ಒಪ್ಪೆನು. ಕಲಿಯುವ ಅವಕಾಶ ಸಿಗುವುದಕ್ಕೆ ಮುಂಚೆ ಅಳೆದರೆ ನಮಗೆ ಸಿಗುವುದು ತಂದೆತಾಯಿಗಳ ಸ್ಥಿತಿಗತಿಯ ಅಳತೆ. ಕಲಿಸಿದ ಮೇಲೆ ಅಳೆದಾಗ ಮನುಷ್ಯನ ಅಳತೆ ಸಿಗುತ್ತದೆ.

ಗೌತಮನು ಹೀಗೆಯೇ ಮಾಡಿದ. ಮೊದಲು ಶಿಷ್ಯನನ್ನು ಸ್ವೀಕರಿಸಿದ. ಬಳಿಕ ಬಡಕಲಾದ ನಾನೂರು ಹಸುಗಳನ್ನು ಒಪ್ಪಿಸಿದ. ಅವು ಸಾವಿರವಾಗುವವರೆಗೆ ತಾನು ಹಿಂದಿರುಗೆನೆಂದು ಶಿಷ್ಯನು ವ್ರತ ತೊಟ್ಟ. ಪ್ರವೇಶದಲ್ಲಿ ಔದಾರ್ಯ, ಸಾಧನೆಯಲ್ಲಿ ಕಾಠಿಣ್ಯ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಡಿಪ್ಲೊಮಾ ಮತ್ತು ಐಟಿಐ ಮುಗಿಸಿದವರಿಗೆ ಊಟ, ಬಾಡಿಗೆಗೆ ಸಾಲುವಷ್ಟು ವೇತನವಿರುವ ಅಪ್ರೆಂಟಿಸ್ ತರಬೇತಿ ಬೇಕು. 1961ರ ಅಪ್ರೆಂಟಿಸ್ ಕಾಯಿದೆಯು ಅದಕ್ಕೆ ಎಂದೋ ಆಧಾರ ಕಲ್ಪಿಸಿದೆ. ಮೊದಲ ವರ್ಷದ ಪಾಠವನ್ನು ಕನ್ನಡದಲ್ಲಿ ವಿವರಿಸಬಲ್ಲ ಅಧ್ಯಾಪಕರು ಬೇಕು. ಇವೆಲ್ಲವೂ ಆದ ಮೇಲೆ ಪರೀಕ್ಷೆ ಎಷ್ಟು ಕಠಿನವಾಗಿದ್ದರೂ ನನ್ನ ಅಭ್ಯಂತರವಿಲ್ಲ.

ಸತ್ಯಕಾಮನ ಕಥೆಗೆ ಇನ್ನೊಂದು ಭಾಗವುಂಟು. ಅವನೇ ಆಚಾರ್ಯನಾದಾಗ, ಉಪಕೋಸಲನೆಂಬ ಶಿಷ್ಯನು ಹನ್ನೆರಡು ವರ್ಷ ಅವನ ಅಗ್ನಿಗಳನ್ನು ಕಾಯ್ದ. ಉಳಿದವರೆಲ್ಲರಿಗೂ ಸಮಾವರ್ತನವಾಯಿತು, ಇವನೊಬ್ಬನಿಗೆ ಆಗಲಿಲ್ಲ. ಈತನಿಗೂ ಬೋಧಿಸಿರೆಂದು ಪತ್ನಿ ಕೇಳಿಕೊಂಡರೂ ಗುರು ಏನನ್ನೂ ಹೇಳದೆ ಪ್ರವಾಸ ಹೊರಟ. ಗೋತ್ರವರಿಯದೆ ಬಂದು ವಿದ್ಯೆಯನ್ನು ಪಡೆದವನೇ ಇಷ್ಟು ತಡಮಾಡಿದ. ಅವನು ಹಿಂದಿರುಗಿ ಬರುವಷ್ಟರಲ್ಲಿ ಅಗ್ನಿಗಳೇ ಮರುಗಿ ಶಿಷ್ಯನಿಗೆ ಉಪದೇಶ ಮಾಡಿದ್ದವು.

ತಮ್ಮ ಮನೆತನದಲ್ಲಿ ಮೊದಲಿಗರಾಗಿ ಈ ಉದ್ಯಮವನ್ನು ಹೊಕ್ಕು ಇಂದು ಆಯ್ಕೆಯ ಸಮಿತಿಗಳಲ್ಲಿ ಕುಳಿತಿರುವ ಕನ್ನಡಿಗರು ನಮ್ಮಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಬರುವ ವರ್ಷದ ಆಯ್ಕೆಗೆ ಮುನ್ನ ಆ 60 ಅಂಕಗಳ ನಿಯಮವನ್ನು ತೆಗೆಸಿರಿ, ಅಭ್ಯರ್ಥಿಯು ತಾನೇ ಮಾಡಿದ ಒಂದು ಕೆಲಸವನ್ನು ತೋರಿಸಲು ಹೇಳಿರಿ, ಅದನ್ನು ವಿವರಿಸುವಾಗ ಕನ್ನಡದಲ್ಲಿ ಮಾತನಾಡಲು ಬಿಡಿರಿ.