ಕರುವಿನ ನೋವು ಯಾರ ಲೆಕ್ಕಕ್ಕೆ?

2025ರ ಜನವರಿಯಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮೂರು ಹಸುಗಳ ಕೆಚ್ಚಲು ಕೊಯ್ದ ಸುದ್ದಿ ಬಂತು. ಅದರ ಬೆನ್ನಲ್ಲೇ ನಂಜನಗೂಡಿನಲ್ಲಿ ಶ್ರೀಕಂಠೇಶ್ವರನಿಗೆ ಹರಕೆ ಬಿಟ್ಟ ಕರುವೊಂದರ ಬಾಲಕ್ಕೆ ಕತ್ತಿ ಹಾಕಿದ ಸುದ್ದಿಯೂ ಬಂತು. ಇಂಥ ಘಟನೆ ನಡೆದಾಗಲೆಲ್ಲ ಎರಡು ಬಗೆಯ ಮಾತು ಕೇಳಿಸುತ್ತದೆ. ದೇವರ ಕರುವಿಗೇ ಹೀಗೆ ಮಾಡಿದರಲ್ಲ ಎಂಬುದು ಒಂದು. ಇವತ್ತು ದನಕ್ಕೆ ಕತ್ತಿ ಹಾಕಿದವನು ನಾಳೆ ಮನುಷ್ಯರನ್ನು ಬಿಡುತ್ತಾನೆಯೇ ಎಂಬುದು ಇನ್ನೊಂದು. ಎರಡೂ ಸಹಜವೇ. ಆದರೆ ಮೊದಲನೆಯದರಲ್ಲಿ ದೇವರಿದ್ದಾನೆ, ಎರಡನೆಯದರಲ್ಲಿ ನಾವಿದ್ದೇವೆ, ಕರು ಎಲ್ಲಿದೆ?

ಎರಡನೆಯ ಮಾತಿಗೆ ಉದ್ದನೆಯ ಚರಿತ್ರೆಯಿದೆ. ನಾಯಿಯನ್ನು ಹಿಂಸಿಸುವ ಹುಡುಗ ಬೆಳೆದು ಕೊಲೆಗಾರನಾಗುವ ಕಥೆಯನ್ನು ಇಂಗ್ಲೆಂಡಿನ ಕಲಾವಿದ ವಿಲಿಯಂ ಹೋಗಾರ್ತ್ 1751ರಲ್ಲೇ ನಾಲ್ಕು ಚಿತ್ರಗಳಲ್ಲಿ ಹೇಳಿದ. ಪ್ರಾಣಿಗಳೊಂದಿಗೆ ಕ್ರೂರನಾದವನು ಮನುಷ್ಯರೊಂದಿಗೂ ಕಠಿಣನಾಗುತ್ತಾನೆ ಎಂದು ತತ್ತ್ವಜ್ಞಾನಿ ಕಾಂಟ್ ವಾದಿಸಿದ. ಮನೋವೈದ್ಯ ಮ್ಯಾಕ್‌ಡೊನಾಲ್ಡ್ 1963ರಲ್ಲಿ ಬಾಲ್ಯದ ಪ್ರಾಣಿಹಿಂಸೆಯನ್ನು ಮುಂದಿನ ಹಿಂಸೆಯ ಸೂಚನೆಗಳಲ್ಲಿ ಒಂದೆಂದು ಗುರುತಿಸಿದ. ಅಮೆರಿಕದ ಎಫ್‌ಬಿಐ 2016ರಿಂದ ಪ್ರಾಣಿಹಿಂಸೆಯ ಪ್ರಕರಣಗಳನ್ನು ಪ್ರತ್ಯೇಕವಾಗಿ ದಾಖಲಿಸುತ್ತಿದೆ.

ನಂಟು ಇರುವುದು ನಿಜ. ಆದರೆ ಅದು ಮೆಟ್ಟಿಲಿನಂತಿಲ್ಲ. ಓತಿಕೇತಕ್ಕೆ ಕಲ್ಲು ಹೊಡೆದ ಹುಡುಗರೆಲ್ಲ ಕೊಲೆಗಾರರಾಗುವುದಿಲ್ಲ. ಮ್ಯಾಕ್‌ಡೊನಾಲ್ಡ್ ಹೇಳಿದ ಸೂಚನೆಗಳನ್ನೂ ನಂತರದ ಸಂಶೋಧಕರು ಪೂರ್ತಿ ಒಪ್ಪಿಲ್ಲ. ನನಗೆ ಕಾಣುವಂತೆ ಎರಡು ಹಿಂಸೆಗಳಿಗೂ ಬೇರು ಒಂದೇ: ತಿರುಗಿ ಹೊಡೆಯಲಾರದ, ದೂರು ಹೇಳಲಾರದ ಜೀವದ ಮೇಲೆ ಕೇಳುವವರಿಲ್ಲದ ಅಧಿಕಾರ. ಹೆಂಡತಿಯನ್ನು ಹೊಡೆಯುವವನು ಅವಳು ಸಾಕಿದ ನಾಯಿಯನ್ನೂ ಒದೆಯುತ್ತಾನೆ. ಅದನ್ನು ನೋಡುತ್ತ ಬೆಳೆದ ಮಗು ತನಗಿಂತ ಚಿಕ್ಕದೊಂದನ್ನು ಹುಡುಕುತ್ತದೆ.

ಪ್ರಾಣಿಯನ್ನು ಕೊಲ್ಲುವುದೆಲ್ಲ ಕ್ರೌರ್ಯವೂ ಅಲ್ಲ. 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಆಗ ಚಿರತೆಯನ್ನು ಕೊಲ್ಲಿ ಎಂದವರನ್ನು ಕ್ರೂರಿಗಳೆನ್ನಲು ನನ್ನ ಮನಸ್ಸು ಒಪ್ಪದು. ಅಲ್ಲಿದ್ದದ್ದು ಪ್ರಾಣಭಯ. ಕರುವಿನ ಬಾಲ ಕೊಯ್ಯುವವನಿಗೆ ಯಾವ ಭಯವಿದೆ?

ಕಾನೂನು ಈ ಕರುವನ್ನು ಹೇಗೆ ನೋಡುತ್ತದೆ? 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಐದು ವರ್ಷದವರೆಗೆ ಜೈಲು ವಿಧಿಸಬಲ್ಲದು; ಆದರೆ ಆ ಕಲಂ ಇರುವುದು ಸ್ವತ್ತಿನ ವಿರುದ್ಧದ ಅಪರಾಧಗಳ ಅಧ್ಯಾಯದಲ್ಲಿ. ಅಂದರೆ ಅಲ್ಲಿ ನಷ್ಟವಾಗುವುದು ಯಜಮಾನನಿಗೆ.

ಪ್ರಾಣಿಹಿಂಸೆಯನ್ನು ಅಪಾಯದ ಗಂಟೆಯೆಂದು ಪೊಲೀಸರೂ ಮೇಷ್ಟ್ರುಗಳೂ ಗಂಭೀರವಾಗಿ ಪರಿಗಣಿಸಬೇಕು. ಅದರಿಂದ ಯಾವುದೋ ಮನೆಯ ಹೆಂಗಸು, ಮಗು ಉಳಿದಾರು. ಆದರೆ ಅಷ್ಟಕ್ಕೇ ನಿಂತರೆ, ಮನುಷ್ಯರಿಗೆ ತೊಂದರೆಯಾಗುವುದಿಲ್ಲವೆಂದು ಖಾತ್ರಿಯಾದ ದಿನ ಕರುವಿನ ಪರವಾಗಿ ಹೇಳಲು ನಮ್ಮ ಬಳಿ ಮಾತೇ ಉಳಿಯುವುದಿಲ್ಲ. ಕರುವಿಗೆ ನೋವಾಯಿತು. ತಪ್ಪನ್ನು ತಪ್ಪೆನ್ನಲು ಅಷ್ಟು ಸಾಲದೇ?