ಮನೆಯ ಪ್ರಯೋಗವೂ ಶ್ರಾವಕನ ವಿವೇಕವೂ

ಜಿಜ್ಞಾಸೆಯು ಪಾಪವಲ್ಲ. ಆದರೆ ಜಿಜ್ಞಾಸೆಗೂ ಒಂದು ಮಿತಿಯುಂಟೆ? ಈ ಪ್ರಶ್ನೆಯನ್ನು ನನ್ನ ಮುಂದಿರಿಸಿದವನು ಶಾಲೆಗೆ ಹೋಗುವ ನನ್ನ ಮೊಮ್ಮಗ.

ಅವನು ಅಗರ್ ತುಂಬಿದ ಗಾಜಿನ ತಟ್ಟೆಯನ್ನು ಬೆರಳಿನಿಂದ ಮುಟ್ಟಿ, ಮುಚ್ಚಿ, ಕಪಾಟಿನಲ್ಲಿರಿಸಿದ್ದನು. ಮೂರನೆಯ ದಿನ ಅದರಲ್ಲಿ ಬಿಳಿ, ಹಳದಿ ಚುಕ್ಕೆಗಳು ಮೂಡಿದವು. ಒಂದೊಂದು ಚುಕ್ಕೆಯೂ ಲಕ್ಷಾಂತರ ಬ್ಯಾಕ್ಟೀರಿಯಾಗಳ ನೆಲೆ. ಅವುಗಳನ್ನು ಕೊಲ್ಲಲು ಮನಸ್ಸೊಪ್ಪದೆ ನಾನೇ ತಟ್ಟೆಯನ್ನು ತೆರೆದು ಚರಂಡಿಗೆ ಸುರಿದೆನು. ಅಹಿಂಸೆಯನ್ನು ಪಾಲಿಸಿದೆನೆಂಬ ಸಮಾಧಾನವೂ ಉಂಟಾಯಿತು.

ಆ ಸಮಾಧಾನವು ತಪ್ಪೆಂದು ಬಳಿಕ ತಿಳಿಯಿತು. ನಮ್ಮ ಚರ್ಮದ ಮೇಲೆ ರೋಗಾಣುಗಳೂ ಇರಬಲ್ಲವು. ಅಗರ್ ತಟ್ಟೆಯಲ್ಲಿ ಅವು ಅಪಾರವಾಗಿ ವೃದ್ಧಿಸುತ್ತವೆ. ಆದುದರಿಂದ ಅಂತಹ ತಟ್ಟೆಯನ್ನು ತೆರೆಯಬಾರದು. ಸುಮಾರು 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒತ್ತಡದ ಹಬೆಯಲ್ಲಿ ನಿರ್ಜೀವಗೊಳಿಸಿಯೇ ವಿಸರ್ಜಿಸಬೇಕೆಂಬುದು ಪ್ರಯೋಗಶಾಲೆಗಳ ಕ್ರಮ. ನಾನು ಕೊಲ್ಲಲಿಲ್ಲ, ನಿಜ. ಆದರೆ ಆ ಚರಂಡಿಗೆ ಕೈಯಿಕ್ಕುವ ಪೌರಕಾರ್ಮಿಕನನ್ನು ನೆನೆಯಲೂ ಇಲ್ಲ. ಪ್ರಮಾದವೇ ಹಿಂಸೆಯ ಮೂಲವೆಂದು ಆಚಾರ್ಯ ಉಮಾಸ್ವಾಮಿಗಳು ತಿಳಿಸಿರುವಾಗ, ನನ್ನ ಆ ನಡೆಯನ್ನು ಅಹಿಂಸೆಯೆನ್ನುವುದೆಂತು?

“ಮೊಸರಿನಲ್ಲಿಯೂ ಬ್ಯಾಕ್ಟೀರಿಯಾಗಳಿವೆಯಲ್ಲ, ಅಜ್ಜಾ?” ಎಂದು ಮೊಮ್ಮಗ ಕೇಳಿದನು. ಇವೆ. ಗೃಹಸ್ಥನ ಆಹಾರದಲ್ಲಿ ಆಗುವುದು ಆರಂಭೀ ಹಿಂಸೆ. ಅದನ್ನು ಮಿತಗೊಳಿಸಬಹುದೇ ಹೊರತು ಪೂರ್ಣವಾಗಿ ತೊರೆಯಲಾಗದು. ರೋಗನಿರ್ಣಯಕ್ಕಾಗಿ ವೈದ್ಯಶಾಲೆಯಲ್ಲಿ ರೋಗಾಣುಗಳನ್ನು ಬೆಳೆಸುವುದಕ್ಕೂ ಪ್ರಯೋಜನವುಂಟು. ಕೇವಲ ಕುತೂಹಲಕ್ಕಾಗಿ ಬೆಳೆಸಿ, ಕೊಲ್ಲಲೇಬೇಕಾದ ಸ್ಥಿತಿಯನ್ನು ನಾವೇ ತಂದುಕೊಳ್ಳುವುದಾದರೋ ಅನರ್ಥದಂಡಕ್ಕೆ ಸಮೀಪವಾದುದು. ದೋಷವು ಕೊನೆಯ ಕೊಲ್ಲುವಿಕೆಯಲ್ಲಿಲ್ಲ, ಮೊದಲ ಬಿತ್ತನೆಯಲ್ಲಿದೆ.

ವಿಲೇವಾರಿಯ ದಾರಿ ತಿಳಿಯದೆ ಸರಕು ಕೊಳ್ಳಬಾರದೆಂಬುದು ವ್ಯಾಪಾರದ ಮೊದಲ ಪಾಠ. ಮನೆಯ ಪ್ರಯೋಗಕ್ಕೂ ಅದೇ ಸೂತ್ರ: ಹಿಂದಿರುಗಿಸಲಾಗದ ಜೀವವನ್ನು ಮನೆಗೆ ತರಬಾರದು, ನಾಶಪಡಿಸಬೇಕಾದುದನ್ನು ಬೆಳೆಸಬಾರದು.

ಹಾಗೆಂದು ಮಕ್ಕಳ ಕಣ್ಣನ್ನು ಮುಚ್ಚಬೇಕಾಗಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಕಾಗದದ ಸೂಕ್ಷ್ಮದರ್ಶಕ ‘ಫೋಲ್ಡ್‌ಸ್ಕೋಪ್’ ಅಲ್ಪ ಬೆಲೆಯದು. ಅದರಿಂದ ಉದುರಿದ ಎಲೆಯನ್ನೂ ಕೆರೆಯ ನೀರಿನ ಹನಿಯನ್ನೂ ನೋಡಬಹುದು. ನಮ್ಮ ಹಿರಿಯರು ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಜಲಾಶಯಕ್ಕೆ ಮರಳಿಸುತ್ತಿದ್ದರು. ಈ ಹನಿಗೂ ಆ ವಿಧಿಯೇ ಸಲ್ಲತಕ್ಕದ್ದು. ಇದೂ ಪೂರ್ಣ ನಿರ್ದೋಷವೆನ್ನಲಾರೆ, ಎಚ್ಚರವುಳ್ಳದ್ದು ಮಾತ್ರ.

ಕಳೆದ ಭಾನುವಾರ ಮೊಮ್ಮಗನೊಡನೆ ಕೆರೆಗೆ ಹೋಗಿದ್ದೆನು. ದಡದಲ್ಲಿಯೇ ಕುಳಿತು ಒಂದು ಹನಿಯನ್ನು ನೋಡಿದೆವು. ಒಳಗೆ ಏನೋ ಸರಸರನೆ ಚಲಿಸುತ್ತಿತ್ತು. ಹನಿ ಒಣಗುವ ಮುನ್ನ ಅವನೇ ಅದನ್ನು ಕೆರೆಗೆ ಸೇರಿಸಿದನು. ಸಾಬೂನಿನಿಂದ ಕೈ ತೊಳೆದು, ಬಳಿಕ ಚಿತ್ರ ಬರೆಯಲು ಕುಳಿತನು.