ಏನೂ ಆಗದಂತೆ ದುಡಿದವರು

ವೈಟೂಕೆ, ಅಂದರೆ 2000ನೇ ಇಸವಿ ಬಂದೊಡನೆ ಕಂಪ್ಯೂಟರುಗಳ ದಿನಾಂಕದ ಲೆಕ್ಕ ತಪ್ಪುವ ತೊಂದರೆ, ಎಂದೊಡನೆ ‘ಅದೊಂದು ದೊಡ್ಡ ಗುಲ್ಲು, ಕೊನೆಗೆ ಏನೂ ಆಗಲಿಲ್ಲ’ ಎನ್ನುವವರೇ ಇಂದಿಗೂ ಹೆಚ್ಚು. ಅದನ್ನು ಸರಿಪಡಿಸುವ ಕೆಲಸಕ್ಕೆಂದೇ ಅಮೆರಿಕದ ವಿಮಾನ ಹತ್ತಿದವರು ಈ ಸಂಚಿಕೆಯ ಓದುಗರಲ್ಲೂ ಇರಬಹುದು. 1999 ಮತ್ತು 2000ಕ್ಕೆ ಅಮೆರಿಕ ಎಚ್‌-1ಬಿ ಉದ್ಯೋಗ ವೀಸಾಗಳ ವಾರ್ಷಿಕ ಮಿತಿಯನ್ನು 65,000ದಿಂದ 1,15,000ಕ್ಕೆ ಏರಿಸಿದ ಕಾಲವದು. ನಾನು ಮುಂಬಯಿಯಲ್ಲೇ ಉಳಿದು ಅದೇ ಕೆಲಸ ಮಾಡಿದವನು. ಗುಲ್ಲು ಎಂಬ ಮಾತು ಹಾಗೆಯೇ ಚರಿತ್ರೆಯಾಗಿಬಿಟ್ಟರೆ ಅನ್ಯಾಯವಾದೀತು.

ಅಂಧೇರಿ ಪೂರ್ವದ ಸೀಪ್ಝ್ 1973ರಲ್ಲಿ ರಫ್ತಿಗೆಂದು ಮೀಸಲಾದ ಆವರಣ. ಟಾಟಾ ಬರೋಸ್ ಎಪ್ಪತ್ತರ ದಶಕದಲ್ಲೇ ಅಲ್ಲಿ ಸಾಫ್ಟ್‌ವೇರ್ ಕೆಲಸ ಶುರುಮಾಡಿತ್ತು. ತೊಂಬತ್ತರ ದಶಕದಲ್ಲಿ ಅಲ್ಲಿನ ಸಾಫ್ಟ್‌ವೇರ್ ಕಂಪನಿಗಳಿಗೆ ಬೇಕಾಗಿದ್ದು ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು. ಅಮೆರಿಕದ ರಾತ್ರಿ ನಮಗೆ ಹಗಲು. ಅಲ್ಲಿನ ಬ್ಯಾಂಕು, ವಿಮಾ ಕಂಪನಿಗಳ ಯಂತ್ರಗಳು ಬಿಡುವಾದ ಹೊತ್ತಿಗೆ ನಾವು ಅಂಧೇರಿ ಸ್ಟೇಷನ್ನಿನ ನೂಕುನುಗ್ಗಲು ದಾಟಿ ಬಂದು ಕೂರುತ್ತಿದ್ದೆವು.

ಕೆಲಸ ಮಾತ್ರ ತೀರಾ ಸಪ್ಪೆ. ಅರವತ್ತು, ಎಪ್ಪತ್ತರ ದಶಕದಲ್ಲಿ ಕಂಪ್ಯೂಟರಿನ ಮೆಮೊರಿ ಬಲು ದುಬಾರಿಯಾಗಿದ್ದರಿಂದ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿದ್ದರು. 1995ರಲ್ಲಿ ಕೊಟ್ಟು 2005ಕ್ಕೆ ತೀರಬೇಕಾದ ಸಾಲದ ಅವಧಿ ಎಷ್ಟು? 05ರಿಂದ 95 ಕಳೆದರೆ ಋಣ 90. ಬಡ್ಡಿಯ ಲೆಕ್ಕ ಅಲ್ಲಿಂದಲೇ ಹಾಳು. ದಿನಾಂಕವಿರುವ ಜಾಗಕ್ಕೆ ದಿನಾಂಕ ಎಂದೇ ಹೆಸರಿಟ್ಟಿದ್ದರೆ ಹುಡುಕುವುದು ಸುಲಭವಿತ್ತು. ಬರೆದವರು ಎಂದೋ ನಿವೃತ್ತರಾಗಿರುತ್ತಿದ್ದರು, ಇಟ್ಟ ಹೆಸರು ಅವರಿಗೇ ಗೊತ್ತು. ಕೆಲವೆಡೆ 99 ಎಂದರೆ ಇಸವಿಯೇ ಅಲ್ಲ, ‘ಈ ಖಾತೆಗೆ ಕೊನೆಯ ದಿನವಿಲ್ಲ’ ಎಂಬ ಗುರುತು. ಪ್ರಿಂಟ್‌ಔಟ್ ಹರಡಿಕೊಂಡು, ಸಾಲಿನ ಕೆಳಗೆ ಸ್ಕೇಲು ಇಟ್ಟು, ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತ ಓದಬೇಕಿತ್ತು. ಸಿಕ್ಕ ಕಡೆಯಲ್ಲೆಲ್ಲ ಇಸವಿಯನ್ನು ನಾಲ್ಕು ಅಂಕಿಗೆ ಹಿಗ್ಗಿಸಬೇಕು, ಇಲ್ಲವೇ 50ಕ್ಕಿಂತ ಕಡಿಮೆ ಇದ್ದರೆ ಎರಡು ಸಾವಿರದ್ದು ಎಂದು ತಿಳಿಯುವಂತೆ ಪ್ರೋಗ್ರಾಮಿಗೆ ಹೇಳಿಕೊಡಬೇಕು. 1900 ಅಧಿಕ ವರ್ಷವಲ್ಲ, 2000 ಹೌದು. ಅದನ್ನೂ ನೋಡಬೇಕಿತ್ತು.

1999ರ ಡಿಸೆಂಬರ್ 31, ಶುಕ್ರವಾರ. ಕಂದಹಾರದಲ್ಲಿ ಅಪಹೃತ ಭಾರತೀಯ ವಿಮಾನದ ಒತ್ತೆಯಾಳುಗಳ ಬಿಡುಗಡೆಯಾದ ದಿನ. ದೇಶದ ಕಣ್ಣೆಲ್ಲ ಅಲ್ಲೇ. ಮಧ್ಯರಾತ್ರಿ ಕಳೆಯಿತು, ದೀಪ ಆರಲಿಲ್ಲ, ಲೋಕಲ್ ರೈಲು ನಿಲ್ಲಲಿಲ್ಲ. ಮರುವಾರ ಮಾಟುಂಗದಲ್ಲಿ ಸಿಕ್ಕ ಊರಿನ ಹಿರಿಯರೊಬ್ಬರು, ‘ನೀವೆಲ್ಲ ಅಷ್ಟು ಬೊಬ್ಬೆ ಹೊಡೆದ್ರಲ್ಲ ಮಾರಾಯ, ಏನಾಯ್ತು ಕಡೆಗೆ?’ ಎಂದು ಕೇಳಿದರು. ಅವರಿಗೆ ಹೇಳಬೇಕಾದ ಉತ್ತರ ಇಷ್ಟು: ಕಣ್ತಪ್ಪಿದ ಕಡೆ ಆಗಬೇಕಾದದ್ದು ಆಯಿತು. ಜಪಾನಿನ ಇಶಿಕಾವಾದ ಅಣುಸ್ಥಾವರದಲ್ಲಿ ವಿಕಿರಣ ಅಳೆಯುವ ವ್ಯವಸ್ಥೆ ಮಧ್ಯರಾತ್ರಿಯೇ ಕೈಕೊಟ್ಟಿತು. ಅಮೆರಿಕದ ಗೂಢಚಾರ ಉಪಗ್ರಹಗಳ ಮಾಹಿತಿ ಕೆಲಕಾಲ ಸಿಗದೇ ಹೋಯಿತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 150ಕ್ಕೂ ಹೆಚ್ಚು ಗರ್ಭಿಣಿಯರಿಗೆ ಡೌನ್ ಸಿಂಡ್ರೋಮ್ ಪರೀಕ್ಷೆಯ ತಪ್ಪು ಫಲಿತಾಂಶ ಹೋಯಿತು. ತಾಯಿಯ ವಯಸ್ಸಿನ ಲೆಕ್ಕ ತಪ್ಪಿತ್ತು, ಅಷ್ಟೇ. ಆ ಹೆಂಗಸರಿಗೆ ಇದು ಗುಲ್ಲು ಎಂದು ಹೇಳುವ ಧೈರ್ಯ ಯಾರಿಗಿದೆ?

ಇಟಲಿ, ರಷ್ಯಾ ಅಷ್ಟೊಂದು ಖರ್ಚು ಮಾಡದೆಯೂ ಪಾರಾದವಲ್ಲ ಎನ್ನುವ ವಾದವೊಂದಿದೆ. ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಭಯ ಹುಟ್ಟಿಸಿ ಹೊಸ ಯಂತ್ರ ಮಾರಿದವರೂ ಇದ್ದರು. ಆದರೆ ಬೇರೆ ದೇಶಗಳಲ್ಲಿ ದುರಸ್ತಿಯಾದ ಸಾಫ್ಟ್‌ವೇರನ್ನೇ ಆ ದೇಶಗಳೂ ಬಳಸಿದವು. ಅವು ಕಂಪ್ಯೂಟರನ್ನು ನೆಚ್ಚಿಕೊಂಡದ್ದೂ ಕಡಿಮೆ. ಮಳೆಗಾಲಕ್ಕೆ ಮುಂಚೆ ನಾಲೆಯ ಹೂಳೆತ್ತಿದವರ ಹೆಸರು ಮುಂಬಯಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ನಮ್ಮದೂ ಹಾಗೆಯೇ ಆಯಿತು.

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. 1970ರ ಜನವರಿ 1ರಿಂದ ಸೆಕೆಂಡುಗಳನ್ನು 32 ಬಿಟ್‌ನಲ್ಲಿ ಎಣಿಸುವ ಯಂತ್ರಗಳ ಲೆಕ್ಕ 2038ರ ಜನವರಿ 19ರಂದು, ಭಾರತದಲ್ಲಿ ಮಂಗಳವಾರ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ ತುಂಬಿಹೋಗುತ್ತದೆ. ಹೊಸ ಕಂಪ್ಯೂಟರುಗಳಲ್ಲಿ ಇದು ಹೆಚ್ಚುಕಡಿಮೆ ಸರಿಯಾಗಿದೆ. ಕಾರ್ಖಾನೆಗಳ ಹಳೆಯ ನಿಯಂತ್ರಣ ಪೆಟ್ಟಿಗೆಗಳನ್ನು ಒಂದೊಂದಾಗಿ ಹುಡುಕಬೇಕು. ಅದಕ್ಕೆ ಹಣ ಕೇಳಿದಾಗ ‘ಹೋದ ಸಲ ಏನೂ ಆಗಲಿಲ್ಲವಲ್ಲ’ ಎಂಬ ಉತ್ತರ ಬರಬಾರದು. ವೈಟೂಕೆ ಕೆಲಸ ಮಾಡಿದವರು ನಿಮ್ಮ ಮನೆಯಲ್ಲೋ ನಿಮ್ಮ ಸಂಘದಲ್ಲೋ ಇದ್ದರೆ ಕೂರಿಸಿ ಕೇಳಿ. ಯಾವ ಪ್ರೋಗ್ರಾಮಿನಲ್ಲಿ ಏನು ಸಿಕ್ಕಿತು, ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಅವರ ಮಾತಿನಲ್ಲೇ ಬರೆಸಿ, ಮುಂದಿನ ಸಂಚಿಕೆಗೆ ಕೊಡಿ.